ನಿದ್ದೆಯಿಂದ ಎದ್ದಾಗಿನ ಸೆಳವು

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅದು ಶುರುವಾಗಿತ್ತು. ನಿದ್ದೆಯಿಂದ ಎದ್ದು ಕಣ್ಣು ಬಿಟ್ಟ ಸ್ವಲ್ಪ ಹೊತ್ತಿಗೆ ತಲೆ ಮುಂದಕ್ಕೆ ಬಾಗುತ್ತಿತ್ತು. ಎರಡೂ ಕೈ ಅಗಲವಾಗಿ ಮೇಲೆದ್ದು ಎದೆಯ ಕಡೆಗೆ ಬರುತ್ತಿದ್ದವು, ಮೊಣಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಿತ್ತು. ಒಂದೆರಡು ಸೆಕೆಂಡ್ ಅಷ್ಟೆ, ಮೈ ಸಡಿಲವಾಗುತ್ತಿತ್ತು. ನಾವು ಉಸಿರು ಬಿಡುವಷ್ಟರಲ್ಲಿ ಮತ್ತೆ ಅದೇ. ಹೀಗೆ ಸಾಲಾಗಿ ಬಂದು ನಿಂತ ಮೇಲೆ ಮಗು ಜೋರಾಗಿ ಅಳುತ್ತಿತ್ತು. ಜ್ವರ ಇರಲಿಲ್ಲ, ಬಾಯಲ್ಲಿ ನೊರೆ ಇರಲಿಲ್ಲ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಫಿಟ್ಸ್ ಎಂದರೆ ಹೀಗಿರುತ್ತದೆ ಎಂದು ನಾವು ಕಂಡು ಕೇಳಿದ್ದ ಒಂದು ಲಕ್ಷಣವೂ ಅಲ್ಲಿರಲಿಲ್ಲ.

ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಅವಳ ನಗು. ನಾಲ್ಕು ತಿಂಗಳಿಗೆಲ್ಲ ಮುಖ ನೋಡಿ ನಗುತ್ತಿದ್ದ ಕೂಸು ಈಗ ನಗುತ್ತಿರಲಿಲ್ಲ. ಗಿಲಕಿ ಆಡಿಸಿದರೆ ತಿರುಗುತ್ತಿದ್ದಳು, ಆದರೆ ನನ್ನ ಮುಖವನ್ನು ದಾಟಿ ಎಲ್ಲೋ ನೋಡುತ್ತಿದ್ದಳು.

ತಿಪಟೂರಿನ ನಮ್ಮ ಮನೆಯಲ್ಲಿ ಈ ಸೆಳವಿಗೆ ಮೊದಲು ಗಮನ ಕೊಟ್ಟವರು ನಮ್ಮ ಅತ್ತೆ. "ಮಗು ಬೆಚ್ಚಿ ಬೀಳ್ತಾ ಇದೆ ಕಣಮ್ಮ, ಎದ್ದಾಗ ಮಾತ್ರ ಹೀಗಾಗ್ತದೆ ನೋಡು. ಆಡೋವಾಗ ಒಂದ್ಸಲನೂ ಆಗಿಲ್ಲ" ಅಂದರು. ಅವರ ತಾಯಿಗೆ ಹುಟ್ಟಿದ ಒಂದು ಗಂಡು ಮಗು ಬಾಲಗ್ರಹದಲ್ಲಿ ಹೋಗಿತ್ತಂತೆ. ಆ ಭಯ ಅವರೊಳಗೆ ಅರವತ್ತು ವರ್ಷವಾದರೂ ಆರಿರಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ತಾಯತ ಕಟ್ಟಿಸಿಕೊಂಡು ಬಂದರು. ನಾನು ಬೇಡವೆನ್ನಲಿಲ್ಲ. ಎದ್ದಾಗ ಮಾತ್ರ ಬರುತ್ತದೆ ಎಂದು ಅವರು ಹೇಳಿದ ಆ ಒಂದು ಮಾತು ಮುಂದೆ ಎಷ್ಟು ಬೆಲೆಬಾಳಿತು ಎಂಬುದು ನನಗೆ ಬೆಂಗಳೂರಿಗೆ ಹೋದ ಮೇಲೆ ಗೊತ್ತಾಯಿತು.

ಊರಿನ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಸಂಜೆಯ ಗದ್ದಲ. ಹೊರಗಿನ ಬೆಂಚಿನಲ್ಲಿ ಕೆಮ್ಮು ನೆಗಡಿಯ ಮಕ್ಕಳ ಸಾಲು. ಒಳಗೆ ಹೋದಾಗ ನಮ್ಮ ಮಗು ಸುಮ್ಮನೆ ಕೈ ಚೀಪುತ್ತಾ ಮಲಗಿತ್ತು. ಅವರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು. ಗ್ಯಾಸ್ ಸೇರಿ ಹೊಟ್ಟೆ ನೋವು ಬಂದಾಗ ಮಕ್ಕಳು ಹೀಗೆ ಕಾಲು ಮಡಚುತ್ತವೆ ಎಂದು ಡ್ರಾಪ್ಸ್ ಬರೆದುಕೊಟ್ಟರು. ಮಗುವನ್ನು ನೋಡಿ ಅವರು ಹೇಳಬಹುದಾಗಿದ್ದದ್ದು ಅಷ್ಟೇ. ಆದರೆ ಅಂಥ ಹೊಟ್ಟೆ ನೋವು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆಲ್ಲ ಕಡಿಮೆಯಾಗುತ್ತದೆ ಎಂದು ನನಗೆ ತಿಳಿದಿತ್ತು. ಇವಳಿಗೆ ಆರು ತಿಂಗಳಿಗೆ ಶುರುವಾಗಿದೆ. ಅಲ್ಲದೆ ಹೊಟ್ಟೆ ನೋವಿಗೆ ಮಗು ನಗುವುದನ್ನೇ ಬಿಡುತ್ತದೆಯೇ?

"ಅವರ ಮುಂದೆ ಬರಲ್ಲ ಅಂದ್ರೆ ಬಂದಾಗ ಫೋನಲ್ಲಿ ಹಿಡಿದಿಡೋಣ" ಅಂದವರು ನಮ್ಮನೆಯವರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಅವರು ಹರಾಜಿನ ದಿನವೂ ರಜೆ ಹಾಕಿ, ಮಗು ಏಳುವುದನ್ನೇ ಕಾಯುತ್ತಾ ತೊಟ್ಟಿಲ ಪಕ್ಕ ಕುಳಿತರು. ಎರಡು ನಿಮಿಷದ ವಿಡಿಯೊ ಸಿಕ್ಕಿತು. ಅದನ್ನು ಬೆಂಗಳೂರಿನ ನಮ್ಮಣ್ಣನಿಗೆ ಕಳಿಸಿದೆವು. ಅವನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದ ತನ್ನ ಸಹೋದ್ಯೋಗಿಯ ಹೆಂಡತಿಗೆ ತೋರಿಸಿದ. ಆ ತಾಯಿಯ ಉತ್ತರ ಅರ್ಧ ಗಂಟೆಯಲ್ಲಿ ಬಂತು: ಇದು ಗ್ಯಾಸ್ ಇರಲಾರದು, ಮಕ್ಕಳ ನ್ಯೂರಾಲಜಿಸ್ಟ್ ಅಂತಲೇ ಬೇರೆ ಇರುತ್ತಾರೆ, ಅವರಿಗೇ ತೋರಿಸಿ, ತಡಮಾಡಬೇಡಿ.

ಮಕ್ಕಳ ನರರೋಗಕ್ಕೆಂದೇ ಡಾಕ್ಟರು ಇರುತ್ತಾರೆ ಎಂಬುದು ನಮಗೆ ಆವರೆಗೆ ತಿಳಿದಿರಲಿಲ್ಲ. ನಾನು ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನಗೇ ಗೊತ್ತಿರಲಿಲ್ಲ ಎಂದರೆ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ತೊಟ್ಟಿಲು ತೂಗುತ್ತಾ ಕುಳಿತ ತಾಯಂದಿರಿಗೆ ಯಾರು ಹೇಳುತ್ತಾರೆ?

ಮೊದಲು ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿದೆವು. ಆ ವಿಭಾಗದ ಡಾಕ್ಟರು ಸಿಗುವುದು ಮೂರು ವಾರದ ನಂತರ ಅಂದರು. ತುರ್ತಾದರೆ ಅಡ್ಮಿಟ್ ಮಾಡಿ, ಮುಂಗಡ ಕಟ್ಟಿ, ಡಾಕ್ಟರು ವಾರ್ಡಿಗೆ ಬಂದಾಗ ನೋಡುತ್ತಾರೆ. ಕೌಂಟರಿನ ಹುಡುಗಿ ಹೇಳಿದ ಮೊತ್ತ ನಮ್ಮನೆಯವರ ನಾಲ್ಕು ತಿಂಗಳ ಸಂಬಳ. ಅವಳ ದನಿಯಲ್ಲಿ ಒರಟುತನವೇನೂ ಇರಲಿಲ್ಲ; ತನ್ನ ಮುಂದಿದ್ದ ಪಟ್ಟಿಯನ್ನು ಓದಿ ಹೇಳಿದಳು, ಅಷ್ಟೆ. ಸರ್ಕಾರಿ ಸಂಸ್ಥೆಗಳಿಗೆ ಹೋಗೋಣವೆಂದರೆ ಅಲ್ಲಿ ಯಾರನ್ನು ಕೇಳಬೇಕು, ಯಾವ ದಿನ ಯಾವ ಒಪಿಡಿ ಎಂದು ತಿಳಿಸುವವರು ನಮಗಿರಲಿಲ್ಲ. ಕೊನೆಗೆ ಆ ನರ್ಸಮ್ಮನೇ ಬಸವೇಶ್ವರನಗರದ ಕಡೆ ಸಂಜೆ ಹೊತ್ತು ಸ್ವಂತ ಕ್ಲಿನಿಕ್ಕಿನಲ್ಲಿ ಕೂರುವ ಒಬ್ಬ ಡಾಕ್ಟರಮ್ಮನ ಹೆಸರು ಕೊಟ್ಟರು. ಮಂಡಿಯ ಸಾಹುಕಾರರು ಬಡ್ಡಿಯಿಲ್ಲದೆ ಮುಂಗಡ ಕೊಟ್ಟರು. 2017ರ ಫೆಬ್ರವರಿಯ ಒಂದು ಬೆಳಗ್ಗೆ ತಿಪಟೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆವು. ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು.

ಡಾಕ್ಟರಮ್ಮ ಮಗುವನ್ನು ಮುಟ್ಟುವ ಮೊದಲು ವಿಡಿಯೊ ಕೇಳಿದರು. ಫೋನಿನ ಸದ್ದು ತೆಗೆದು ನೋಡಿದರು, ಮತ್ತೆ ಮೊದಲಿಂದ ನೋಡಿದರು. ಆಮೇಲೆ ಒಂದು ಕಡೆ ನಿಲ್ಲಿಸಿ ಮಗುವಿನ ಕೈಯನ್ನು ಬೆರಳಿನಿಂದ ತೋರಿಸಿ, "ಇದು ಎದ್ದ ಮೇಲೇನಾ ಬರೋದು? ಹೀಗೆ ಸಾಲಾಗಿ?" ಎಂದು ಕೇಳಿದರು. ಹೌದೆಂದೆ, ಅತ್ತೆ ಹೇಳಿದ್ದನ್ನು ಹೇಳಿದೆ. "ನಿಮ್ಮತ್ತೆ ಸರಿಯಾಗಿ ನೋಡಿದ್ದಾರೆ" ಅಂದರು. ನಂತರ ಕೇಳಿದ್ದೆಲ್ಲ ನಾವು ಎಣಿಸಿರದ ಪ್ರಶ್ನೆಗಳು. ಹುಟ್ಟಿದಾಗ ತೂಕ ಎಷ್ಟು? ತಕ್ಷಣ ಅತ್ತಿತ್ತಾ? ಮೊದಲ ದಿನಗಳಲ್ಲಿ ಹಾಲು ಕುಡೀತಿತ್ತಾ? ಶುಗರ್ ನೋಡಿದ್ದರಾ? ಮಗುವಿನ ಬಟ್ಟೆ ಬಿಚ್ಚಿಸಿ, ಕೋಣೆಯ ದೀಪ ಆರಿಸಿ, ನೇರಳೆ ಬೆಳಕಿನ ಒಂದು ದೀಪ ಹಿಡಿದು ಬೆನ್ನು, ತೊಡೆ, ಹೊಟ್ಟೆಯನ್ನು ಅಂಗುಲ ಅಂಗುಲವಾಗಿ ನೋಡಿದರು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಿದ್ದರೆ ಚರ್ಮದ ಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿರುತ್ತವಂತೆ, ಬರಿಗಣ್ಣಿಗೆ ಕಾಣದಿದ್ದರೂ ಆ ಬೆಳಕಿನಲ್ಲಿ ಕಾಣುತ್ತವಂತೆ. ಇರಲಿಲ್ಲ.

ದೀಪ ಹಾಕಿ ಕುಳಿತು ಹೇಳಿದರು: ಇದು ಒಂದು ಬಗೆಯ ಫಿಟ್ಸ್. ಇನ್‌ಫಂಟೈಲ್ ಸ್ಪಾಸಮ್ಸ್ ಅನ್ನುತ್ತಾರೆ. ಒಂದು ವರ್ಷದೊಳಗಿನ ಮಕ್ಕಳಿಗೆ, ಹೆಚ್ಚಾಗಿ ನಾಲ್ಕರಿಂದ ಏಳು ತಿಂಗಳ ನಡುವೆ ಶುರುವಾಗುತ್ತದೆ. ನೋಡುವುದಕ್ಕೆ ಸಣ್ಣದಾಗಿ ಕಾಣುತ್ತದೆ, ಒಳಗೆ ಮೆದುಳು ಕಲಿಯುವುದನ್ನೇ ನಿಲ್ಲಿಸಿರುತ್ತದೆ. ಎಷ್ಟು ಬೇಗ ನಿಲ್ಲಿಸುತ್ತೇವೋ ಅಷ್ಟು ಒಳ್ಳೆಯದು. ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂಬದಿಯಲ್ಲಿ ಎರಡು ಗೆರೆ ಎಳೆದರು. ಒಂದು ಸಣ್ಣ ಅಲೆಗಳ ಗೆರೆ. ಇನ್ನೊಂದು ಹೇಗೆಂದರೆ ಹಾಗೆ ಎದ್ದು ಬಿದ್ದ, ತಾಳವಿಲ್ಲದ ಗೆರೆ. "ನಾಳೆ ಇಇಜಿಯಲ್ಲಿ ಇಂಥದ್ದು ಬರಬಹುದು" ಎಂದು ಎರಡನೆಯದನ್ನು ತೋರಿಸಿದರು. ಆ ಹಾಳೆ ಇನ್ನೂ ನನ್ನ ಹತ್ತಿರವಿದೆ.

ಇಇಜಿಯಾದ ಬೆಳಗ್ಗೆ ನನಗೆ ಇಂದಿಗೂ ಪೂರ್ತಿ ನೆನಪಿದೆ. ಮಗು ಅಲ್ಲಿಗೆ ಬಂದ ಮೇಲೆ ಮಲಗಬೇಕು, ಆದ್ದರಿಂದ ಬೆಳಗಿನ ಜಾವವೇ ಎಬ್ಬಿಸಿ ಮತ್ತೆ ಮಲಗದ ಹಾಗೆ ನೋಡಿಕೊಳ್ಳಬೇಕೆಂದು ಹೇಳಿದ್ದರು. ಅಣ್ಣ, ಅತ್ತಿಗೆ, ನಾವಿಬ್ಬರೂ ಸರದಿಯ ಮೇಲೆ ಎತ್ತಿಕೊಂಡು ಅವರ ಮನೆಯ ತಾರಸಿಯಲ್ಲಿ ತಿರುಗಿದೆವು. ಅತ್ತಿಗೆ ತಲೆಯ ಎಣ್ಣೆ ಜಿಡ್ಡು ಹೋಗುವಂತೆ ಸೀಗೆಕಾಯಿ ಹಾಕಿ ತೊಳೆದರು. ಅಲ್ಲಿ ಟ್ರೈಕ್ಲೋಫಾಸ್ ಸಿರಪ್ ಕುಡಿಸಿದ ಮೇಲೆ ನನ್ನ ತೊಡೆಯ ಮೇಲೆ ಮಲಗಿದಳು. ಟೆಕ್ನಿಷಿಯನ್ ಅಳತೆ ಟೇಪು ಹಿಡಿದು, ಮೂಗಿನ ಮೇಲಿಂದ ಹಿಂದಲೆಯವರೆಗೆ ಅಳೆದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ. ಒಂದೊಂದು ಗುರುತಿನ ಮೇಲೂ ಕೂದಲು ಬಿಡಿಸಿ, ಬಿಳಿ ಪೇಸ್ಟು ಹಚ್ಚಿ, ಗುಂಡಿಯಂಥ ಬಿಲ್ಲೆ ಅಂಟಿಸಿ, ಮೇಲೆ ಹತ್ತಿ ಒತ್ತಿದ. ಕೈ ಎಷ್ಟು ಹಗುರವಿತ್ತೆಂದರೆ ಮಗು ಒಂದು ಸಲವೂ ಅಲುಗಲಿಲ್ಲ. ಬಣ್ಣ ಬಣ್ಣದ ವೈರುಗಳೆಲ್ಲ ಒಂದು ಜಡೆಯಾಗಿ ಡಬ್ಬಿಗೆ ಹೋಗುತ್ತಿದ್ದವು. ಪರದೆಯ ಮೇಲೆ ಗೆರೆಗಳು ಮೂಡಿದಾಗ ಡಾಕ್ಟರಮ್ಮ ಬರೆದ ಎರಡನೆಯ ಗೆರೆಯೇ ಸಾಲು ಸಾಲಾಗಿ ಓಡುತ್ತಿತ್ತು. ಯಾರೂ ವಿವರಿಸಬೇಕಾಗಿರಲಿಲ್ಲ. ಮಗು ಎದ್ದಾಗ ಸೆಳವಿನ ಸಾಲೂ ಬಂತು. ಟೆಕ್ನಿಷಿಯನ್ ಪ್ರತಿಯೊಂದಕ್ಕೂ ಗುಂಡಿ ಒತ್ತಿ ಗುರುತು ಹಾಕುತ್ತಾ ಹೋದ.

ಆ ಚಿತ್ರಕ್ಕೆ ಹಿಪ್ಸಾರಿತ್ಮಿಯಾ ಎಂದು ಹೆಸರು. 1952ರಲ್ಲಿ ಅಮೆರಿಕದ ಗಿಬ್ಸ್ ದಂಪತಿ ಇಟ್ಟದ್ದು. ಕಾಯಿಲೆಯ ಇನ್ನೊಂದು ಹೆಸರು ವೆಸ್ಟ್ ಸಿಂಡ್ರೋಮ್. ಅದರ ಹಿಂದಿನ ಕಥೆಯನ್ನು ನಾನು ಆಮೇಲೆ ಓದಿಕೊಂಡೆ. ವೆಸ್ಟ್ ಎಂಬಾತ ಇಂಗ್ಲೆಂಡಿನ ಒಂದು ಸಣ್ಣ ಊರಿನ ವೈದ್ಯ. ತನ್ನ ಮಗನಿಗೆ ನಾಲ್ಕು ತಿಂಗಳಾಗಿದ್ದಾಗ ಹೀಗೆ ತಲೆ ಬಾಗುವುದು ಶುರುವಾಯಿತು. ಜಿಗಣೆ ಹಚ್ಚಿಸಿದ, ತಲೆಗೆ ತಣ್ಣೀರು ಪಟ್ಟಿ ಹಾಕಿದ, ಭೇದಿ ಮಾಡಿಸಿದ, ಹಲ್ಲು ಬರಲೆಂದು ವಸಡು ಕೊಯ್ಯಿಸಿದ. ಯಾವುದೂ ಆಗದಿದ್ದಾಗ ಲಂಡನ್ನಿನ ಹೆಸರಾಂತ ವೈದ್ಯರಿಗೆ ತೋರಿಸಿದ. ಅವರಲ್ಲೊಬ್ಬರಾದ ಸರ್ ಚಾರ್ಲ್ಸ್ ಕ್ಲಾರ್ಕ್ ಇಂಥ ನಾಲ್ಕೇ ಮಕ್ಕಳನ್ನು ಕಂಡಿದ್ದರು. 1841ರಲ್ಲಿ ವೆಸ್ಟ್ ಲ್ಯಾನ್ಸೆಟ್ ಪತ್ರಿಕೆಗೆ ಕಾಗದ ಬರೆದು, ಯಾರಿಗಾದರೂ ಈ ಕಾಯಿಲೆಯ ವಿಷಯ ತಿಳಿದಿದ್ದರೆ ಹೇಳಿ ಎಂದು ಕೇಳಿಕೊಂಡ. ಉಪಾಯ ಸಿಗಲು ನೂರು ವರ್ಷದ ಮೇಲಾಯಿತು. 1958ರಲ್ಲಿ ಬೆಲ್ಜಿಯಂನ ವೈದ್ಯರು ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್ನಿಂದ ಈ ಸೆಳವು ನಿಲ್ಲುವುದನ್ನು ಪ್ರಕಟಿಸಿದರು. ಆ ಅಪ್ಪ ಮಗುವನ್ನು ಎತ್ತಿಕೊಂಡು ಲಂಡನ್ನಿಗೆ ಹೋಗಿದ್ದನ್ನು ಓದಿದ ರಾತ್ರಿ ನಾನು ತುಂಬಾ ಅತ್ತೆ. ಸ್ವತಃ ವೈದ್ಯನಾದವನಿಗೂ ಹೇಳುವವರಿರಲಿಲ್ಲ. ನಮಗೆ ಇದ್ದರು.

ಔಷಧಿಯ ಮಾತಿಗೆ ಬರುತ್ತೇನೆ, ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಡಾಕ್ಟರಮ್ಮ ಮೂರು ದಾರಿ ಹೇಳಿದರು. ಎಸಿಟಿಎಚ್ ಇಂಜೆಕ್ಷನ್ನಿಗೆ ಬೆಲೆ ಜಾಸ್ತಿ, ಫ್ರಿಜ್ಜಿನಲ್ಲಿ ಇಡಬೇಕು, ಹಾಕುವವರು ಬೇಕು. ವಿಗಾಬ್ಯಾಟ್ರಿನ್ ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಕ್ಕಳಿಗೆ ಮೊದಲ ಆಯ್ಕೆ, ಆದರೆ ಕಣ್ಣಿನ ಅಂಚಿನ ನೋಟವನ್ನು ಕುಗ್ಗಿಸುವ ಅಪಾಯವಿದೆ. ಮೂರನೆಯದು ಹೆಚ್ಚಿನ ಪ್ರಮಾಣದಲ್ಲಿ ಪ್ರೆಡ್ನಿಸೋಲೋನ್. ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಸ್ಟೀರಾಯ್ಡ್ ಗುಳಿಗೆ. ಅವರು ಅದನ್ನೇ ಬರೆದರು. ಕೆಳಗಿನ ಅಂಗಡಿಯಲ್ಲಿ ಚೀಟಿ ಕೊಟ್ಟಾಗ ಬಿಲ್ ನೋಡಿ ನಮ್ಮನೆಯವರು, ಏನೋ ಬಿಟ್ಟುಹೋಗಿರಬೇಕೆಂದು ಮತ್ತೆ ಚೀಟಿ ತೋರಿಸಿ ಕೇಳಿದರು. ಏನೂ ಬಿಟ್ಟಿರಲಿಲ್ಲ. ಇಡೀ ಕೋರ್ಸಿನ ಗುಳಿಗೆಗೆ ಆದದ್ದು ನಾವು ರೈಲಿಗೂ ಆಟೊಗೂ ಕೊಟ್ಟದ್ದಕ್ಕಿಂತ ಕಡಿಮೆ.

ನನಗೆ ಇಂದಿಗೂ ಸಹಿಸಲಾಗದ ಸಂಗತಿ ಇದೇ. ಮಗಳ ತಲೆಯೊಳಗಿನ ಆ ಕೋಲಾಹಲವನ್ನು ನಿಲ್ಲಿಸಿದ ಗುಳಿಗೆ ತಿಪಟೂರಿನ ನಮ್ಮ ಬೀದಿಯ ಅಂಗಡಿಯಲ್ಲೇ ಇತ್ತು. ಸೆಳವು ಶುರುವಾದ ದಿನವೂ ಇತ್ತು. ಇರದಿದ್ದದ್ದು ಇದು ಏನೆಂದು ಗುರುತಿಸಬಲ್ಲ ಒಬ್ಬರು. ನಾವು ಸಾಲ ಮಾಡಿ ಕೊಂಡದ್ದು ಆ ಗುರುತನ್ನು, ಅದೂ ಬೇಗ ಸಿಗಲೆಂದು. ಡಾಕ್ಟರಮ್ಮನ ಫೀಸು, ಇಇಜಿ, ಅರಿವಳಿಕೆ ಕೊಟ್ಟು ಮಾಡಿದ ಎಂಆರ್‌ಐ, ಎಲ್ಲಕ್ಕೂ ಕೊಟ್ಟ ದುಡ್ಡು ಆ ಕೆಲವು ವಾರಗಳ ಬೆಲೆ. ಮಗುವಿನ ಆ ವಾರಗಳು ದುಡ್ಡಿರುವವರಿಗೆ ಸಿಗುತ್ತವೆ, ಇಲ್ಲದವರಿಗೆ ಜಾರಿಹೋಗುತ್ತವೆ. ಖಾಸಗಿ ವೈದ್ಯರನ್ನು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ, ನನ್ನ ಮಗುವನ್ನು ಉಳಿಸಿಕೊಟ್ಟವರೇ ಒಬ್ಬ ಖಾಸಗಿ ಡಾಕ್ಟರು. ಆದರೂ ಈ ವ್ಯತ್ಯಾಸ ನ್ಯಾಯವೆಂದು ನಾನು ಯಾವತ್ತೂ ಒಪ್ಪಲಾರೆ.

ಎಂಆರ್‌ಐ ಬಂದಾಗ ಕಾರಣ ತಿಳಿಯಿತು. ಮೆದುಳಿನ ಹಿಂಭಾಗದಲ್ಲಿ, ನೋಟಕ್ಕೆ ಸಂಬಂಧಿಸಿದ ಕಡೆ, ಎರಡೂ ಬದಿಯಲ್ಲಿ ಹಳೆಯ ಗಾಯದ ಗುರುತಿತ್ತು. ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತುಂಬಾ ಇಳಿದ ಮಕ್ಕಳಲ್ಲಿ ಹೀಗೆ ಕಾಣುತ್ತದಂತೆ. ನಮ್ಮ ದೇಶದಲ್ಲಿ ಈ ಸೆಳವಿನ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಇನ್ನೊಂದು ಹೆರಿಗೆಯ ಹೊತ್ತಿಗೆ ಉಸಿರು ಕಟ್ಟುವುದು. ನನ್ನ ಮಗಳು ಹುಟ್ಟಿದಾಗ ಎರಡು ಕಿಲೋ ಚಿಲ್ಲರೆ. ಸಿಸೇರಿಯನ್ ಆದ ನನಗೆ ಹಾಲು ಇಳಿಯುವುದು ತಡವಾಗಿತ್ತು. ಮೂರನೇ ದಿನ ಮಗು ಏಳದೆ ಮಲಗಿಯೇ ಇದ್ದಾಗ ನರ್ಸ್ ಹಿಮ್ಮಡಿ ಚುಚ್ಚಿ ಶುಗರ್ ನೋಡಿ, ಎತ್ತಿಕೊಂಡು ಓಡಿದ್ದಳು. ಡ್ರಿಪ್ ಹಾಕಿದರು, ಸರಿಹೋಯಿತು ಅಂದರು. ಡಿಸ್ಚಾರ್ಜ್ ಹಾಳೆಯಲ್ಲಿ ಅದರ ಬಗ್ಗೆ ಒಂದೇ ಸಾಲು. ಮುಂದೆ ಈ ಮಗುವಿನಲ್ಲಿ ಏನನ್ನು ಗಮನಿಸಬೇಕೆಂದು ಯಾರೂ ಒಂದು ಮಾತೂ ಹೇಳಿರಲಿಲ್ಲ. ತೂಕ ಕಡಿಮೆಯಿರುವ ಮಗುವಿಗೆ ಹುಟ್ಟಿದ ಗಂಟೆಯೊಳಗೆ ಹಾಲು ಸಿಗಬೇಕು, ಮತ್ತೆ ಮತ್ತೆ ಶುಗರ್ ನೋಡುತ್ತಿರಬೇಕು, ತಾಯಿಗೆ ಹಾಲಿಲ್ಲದಿದ್ದರೆ ಬೇರೆ ದಾರಿ ಮಾಡಬೇಕು ಎಂಬುದು ದೊಡ್ಡ ವಿದ್ಯೆಯೇನಲ್ಲ. ಬಸುರಿಯಾದ ಯಾರು ಸಿಕ್ಕರೂ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಗುಳಿಗೆ ದಿನಕ್ಕೆ ನಾಲ್ಕು ಹೊತ್ತು. ತುಂಬಾ ಕಹಿ. ಪುಡಿ ಮಾಡಿ ಹಿಂಡಿದ ಹಾಲಿನಲ್ಲಿ ಕಲಸಿ ಒಳಲೆಯಲ್ಲಿ ಹಾಕಿದರೆ ಅರ್ಧ ಉಗುಳುತ್ತಿದ್ದಳು. ಅತ್ತೆ ಅವಳ ಕೆನ್ನೆಯ ಒಳಬದಿಗೆ ಒಳಲೆಯ ಮೂತಿ ತಾಗಿಸಿ ಸ್ವಲ್ಪ ಸ್ವಲ್ಪವೇ ಇಳಿಸುವುದನ್ನು ಕಂಡುಕೊಂಡರು. ಆಮೇಲೆ ಆ ಕೆಲಸ ಪೂರ್ತಿ ಅವರದೇ. ಸ್ಟೀರಾಯ್ಡ್ ಮಗುವನ್ನು ಹಿಂಡಿಬಿಟ್ಟಿತು. ಹಸಿವು ತೀರದು, ರಾತ್ರಿ ನಿದ್ದೆಯಿಲ್ಲ, ಕೈಯಿಂದ ಇಳಿಸಿದರೆ ಕಿರುಚಾಟ. ಮುಖ ಊದಿ ಗುಂಡಗಾಯಿತು. ಬೀದಿಯವರು ಮಗು ಈಗ ಎಷ್ಟು ಚೆನ್ನಾಗಿ ಮೈಕೈ ತುಂಬಿಕೊಂಡಿದೆ ಅನ್ನುತ್ತಿದ್ದರು. ಬಿಪಿ ಏರಬಹುದು, ಸೋಂಕು ತಗಲಬಹುದು, ಮೂತ್ರದಲ್ಲಿ ಸಕ್ಕರೆ ಬರಬಹುದು, ಆದ್ದರಿಂದ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕಿತ್ತು. ಊರಿನ ಆ ಮಕ್ಕಳ ಡಾಕ್ಟರ ಹತ್ತಿರವೇ ಹೋದೆವು. ಬೆಂಗಳೂರಿನ ಚೀಟಿ ಓದಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆ ವಿಡಿಯೊ ನನಗೂ ಕಳಿಸ್ತೀರಾ ಮೇಡಂ?" ಅಂದರು. ಹಸುಗೂಸಿನ ತೋಳಿಗೆ ಹೊಂದುವ ಸಣ್ಣ ಬಿಪಿ ಪಟ್ಟಿ ಅವರಲ್ಲಿರಲಿಲ್ಲ, ತುಮಕೂರಿನಿಂದ ತರಿಸಿದರು. ಅಷ್ಟೂ ವಾರ ಒಂದು ರೂಪಾಯಿ ಫೀಸು ತೆಗೆದುಕೊಳ್ಳಲಿಲ್ಲ.

ಎರಡನೇ ವಾರದಲ್ಲಿ ಒಂದು ಬೆಳಗ್ಗೆ ಸಾಲು ಚಿಕ್ಕದಾಯಿತು. ಮರುದಿನ ಎರಡೇ ಸೆಳವು. ಆಮೇಲೆ ಇಲ್ಲ. ನಾವು ನಂಬದೆ ಪ್ರತಿ ಸಲ ಅವಳು ಏಳುವಾಗಲೂ ಸುತ್ತ ಕೂತು ನೋಡುತ್ತಿದ್ದೆವು. ಮತ್ತೊಂದು ಇಇಜಿಯಲ್ಲಿ ಆ ತಾಳಗೆಟ್ಟ ಗೆರೆಗಳೂ ಹೋಗಿದ್ದವು. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ ನಿಧಾನವಾಗಿ ಇಳಿಸಿದರು. ಒಂಬತ್ತು ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆಯನ್ನು ಸ್ಟೀರಾಯ್ಡಿನ ಕಾರಣಕ್ಕೆ ಮುಂದೂಡಬೇಕಾಯಿತು. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಮತ್ತೆ ಮತ್ತೆ ಬಂದು ವಿಚಾರಿಸಿ, ಡಾಕ್ಟರು ಹೇಳಿದ ತಿಂಗಳಿಗೆ ತಾನೇ ನೆನಪಿಟ್ಟು ಕರೆದುಕೊಂಡು ಹೋದಳು.

ಸೆಳವು ನಿಂತಿತು ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಡಾಕ್ಟರಮ್ಮ ಮೊದಲ ದಿನವೇ ಇದನ್ನು ಬಚ್ಚಿಡದೆ ಹೇಳಿದ್ದರು. ಕೂರುವುದು, ನಡೆಯುವುದು ತಡವಾಯಿತು. ಮಾತು ಮೂರು ವರ್ಷ ದಾಟಿದರೂ ಬರಲಿಲ್ಲ. ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಕೇಂದ್ರ ಸರ್ಕಾರದ ಸಂಸ್ಥೆ. ಮನೆಯಲ್ಲಿ ಮಾಡಿಸಬೇಕಾದ್ದನ್ನು ನನಗೂ ಅತ್ತೆಗೂ ಕೂರಿಸಿ ಕಲಿಸಿದರು. ಈಗ ಅವಳು ನಮ್ಮ ಶಾಲೆಯ ಪಕ್ಕದ ಪ್ರೈಮರಿ ಶಾಲೆಗೆ ಹೋಗುತ್ತಾಳೆ, ತನ್ನ ವಯಸ್ಸಿನವರಿಗಿಂತ ಒಂದು ತರಗತಿ ಹಿಂದೆ. ಬೋರ್ಡಿನ ಹತ್ತಿರ ಕೂರಬೇಕು. ಜಾತ್ರೆಯ ಗುಂಪಿನಲ್ಲಿ ನನ್ನ ಮುಖ ಹುಡುಕುವುದು ಅವಳಿಗೆ ಕಷ್ಟ, ದನಿ ಕೇಳಿದರೆ ನೇರ ಬರುತ್ತಾಳೆ. ಮಗ್ಗಿ ಹೇಳುತ್ತಾಳೆ. ಅವಳ ಅಜ್ಜಿಯ ಗುಳಿಗೆಗಳನ್ನು ಹೊತ್ತು ಹೊತ್ತಿಗೆ ಎಣಿಸಿಕೊಡುವವಳು ಈಗ ಅವಳೇ.

ಎರಡು ವರ್ಷದ ಕೆಳಗೆ ನಮ್ಮೂರ ಡಾಕ್ಟರು ಫೋನ್ ಮಾಡಿದ್ದರು. ತುರುವೇಕೆರೆ ಕಡೆಯ ಒಂದು ಮಗು, ಐದು ತಿಂಗಳು, ಸೆಳವು ಶುರುವಾಗಿ ವಾರವೂ ಆಗಿಲ್ಲ. ಅವರು ಕೋಣೆಯಲ್ಲಿ ಮಗುವನ್ನು ಮಲಗಿಸಿ, ಎದ್ದೇಳುವವರೆಗೆ ಕಾದು ನೋಡಿ, ನಮ್ಮ ವಿಡಿಯೊ ಪಕ್ಕದಲ್ಲಿಟ್ಟು ಹೋಲಿಸಿದ್ದರು. ಬೆಂಗಳೂರಿಗೆ ಬರೆದುಕೊಟ್ಟಿದ್ದೇನೆ, ಅವರು ಹೆದರಿದ್ದಾರೆ, ನಿಮ್ಮ ನಂಬರ್ ಕೊಡಲಾ ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಆ ತಾಯಿಯ ಫೋನ್ ಬಂತು. ಕಾಯಿಲೆ ಏನೆಂದು ಅವಳು ಕೇಳಲಿಲ್ಲ. "ಎಷ್ಟು ಖರ್ಚಾಗ್ತದಕ್ಕಾ? ನಮ್ಮದು ಎರಡೆಕರೆ, ಅದನ್ನ ಮಾರಬೇಕಾ?" ಅಂದಳು.

"ಏನೂ ಮಾರಬೇಡ ಕಣಮ್ಮ" ಅಂದೆ. "ಔಷಧಿ ಸೋವಿ. ಡಾಕ್ಟರು ಬರೆದುಕೊಟ್ಟಿರೋದು ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ, ನಿಮ್ಹಾನ್ಸ್ ಹತ್ತಿರ ಇದೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸು. ವಿಡಿಯೊ ಫೋನಲ್ಲಿರಲಿ, ತಾಯಿ ಕಾರ್ಡ್, ಹೆರಿಗೆ ಆದ ಕಡೆಯ ಹಾಳೆ ಎಲ್ಲ ತಗೋ. ಮಗುಗೆ ಎದ್ದ ಮೇಲೆ ಬರ್ತದೆ ಅನ್ನೋದನ್ನ ಮೊದಲು ಹೇಳು. ನಾಳೆ ನಾಡಿದ್ದು ಅನ್ನಬೇಡ, ಇವತ್ತು ರಾತ್ರಿನೇ ಹೊರಡು."